ಉಬ್ಬಸಕ್ಕೂ ವಿಟಮಿನ್ ಡಿಗೂ ಏನು ನಂಟು? ಜೀನುಗಳು ಕೊಟ್ಟ ಉತ್ತರ

ಆರಿದ್ರಾ ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಸೀನುವವರು, ಕೆಮ್ಮುವವರು, ಎದೆ ಸುಯ್‌ಗುಟ್ಟುವ ಮಕ್ಕಳನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಓಡುವವರು ಹೆಚ್ಚುತ್ತಾರೆ. ರಕ್ತಪರೀಕ್ಷೆಯ ವರದಿಯಲ್ಲಿ ಎರಡು ಸಾಲು ಒಟ್ಟಿಗೇ ಕಣ್ಣಿಗೆ ಬೀಳುವುದು ಈಗ ಮಾಮೂಲು. ಒಂದು ‘ಒಟ್ಟು ಐಜಿಇ’, ಅಂದರೆ ಅಲರ್ಜಿಯಲ್ಲಿ ಏರುವ ಪ್ರತಿಕಾಯ, ಪಕ್ಕದಲ್ಲಿ ಮೇಲ್ಮುಖದ ಬಾಣ. ಇನ್ನೊಂದು ‘25-ಹೈಡ್ರಾಕ್ಸಿ ವಿಟಮಿನ್ ಡಿ’, ಅಂದರೆ ರಕ್ತದಲ್ಲಿರುವ ಡಿಯ ಅಳತೆ, ಅದರ ಪಕ್ಕ ಕೆಳಮುಖದ ಬಾಣ. ಎರಡನ್ನೂ ಒಟ್ಟಿಗೆ ಕಂಡ ಮನೆಯವರು ತಾವೇ ಗಂಟು ಹಾಕಿಬಿಡುತ್ತಾರೆ: ಡಿ ಕಡಿಮೆ ಇದೆ, ಅದಕ್ಕೇ ಅಲರ್ಜಿ. ಡಿ ತುಂಬಿಸಿದರೆ ಉಬ್ಬಸ ಹೋಗುತ್ತದೆ.

ವಿಜ್ಞಾನಿಗಳಿಗೂ ಇದೇ ಗುಮಾನಿ ಬಹಳ ವರ್ಷ ಇತ್ತು. ಆ ಗಂಟನ್ನು ಬಹುಪಾಲು ಬಿಡಿಸಿದ್ದು ಜೀನುಗಳ ಅಧ್ಯಯನ, ಆಮೇಲೆ ಔಷಧ ಪ್ರಯೋಗಗಳು. ಸಿಕ್ಕ ಉತ್ತರ ನಿರಾಸೆಯದ್ದೇ. ಆದರೂ ಮಲೆನಾಡಿನ ಪ್ರತಿ ಮನೆಗೂ ಅದು ಗೊತ್ತಿರಬೇಕು. ಡಿ ಪುಡಿಯನ್ನು ನಂಬಿ ಇನ್ಹೇಲರ್ ಬಿಟ್ಟ ಮಗುವಿಗೆ ನಡುರಾತ್ರಿ ಉಸಿರು ಕಟ್ಟಿದರೆ, ಆ ಮಳೆಯಲ್ಲಿ, ಆ ರಸ್ತೆಯಲ್ಲಿ ಶಿವಮೊಗ್ಗದ ದೊಡ್ಡಾಸ್ಪತ್ರೆ ಮುಟ್ಟುವುದು ಸುಲಭವಲ್ಲ.

ಎಳೆಬಿಸಿಲಲ್ಲಿ ಡಿ ಸಿಗುವುದಿಲ್ಲ

ನಮ್ಮ ಚರ್ಮದಲ್ಲಿ 7-ಡಿಹೈಡ್ರೊಕೊಲೆಸ್ಟ್ರಾಲ್ ಎಂಬ ಕಚ್ಚಾವಸ್ತು ಇರುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳಲ್ಲಿ 290ರಿಂದ 315 ನ್ಯಾನೊಮೀಟರ್ ಅಲೆಯುದ್ದದ ಯುವಿ-ಬಿ ಪಾಲು ಬಿದ್ದಾಗ ಅದು ಒಡೆದು, ಮೈಶಾಖದಲ್ಲಿ ನಿಧಾನಕ್ಕೆ ವಿಟಮಿನ್ ಡಿ3 ಆಗುತ್ತದೆ. ಸೂರ್ಯ ಕೆಳಗಿದ್ದಾಗ ಕಿರಣಗಳು ಗಾಳಿಯ ದಪ್ಪ ಪದರವನ್ನು ಓರೆಯಾಗಿ ಹಾದು ಬರಬೇಕು. ದಾರಿಯಲ್ಲಿ ಓಝೋನ್ ಈ ಯುವಿ-ಬಿಯನ್ನು ಹೀರಿಬಿಡುತ್ತದೆ. ಹಾಗಾಗಿ ಬೆಳಿಗ್ಗೆ ಏಳು ಗಂಟೆಯ ಎಳೆಬಿಸಿಲಲ್ಲಿ ಕೂಸನ್ನು ಮಲಗಿಸಿದರೆ ಮೈ ಬೆಚ್ಚಗಾಗುತ್ತದೆ ಅಷ್ಟೆ, ಡಿ ಹೆಸರಿಗೆ ಮಾತ್ರ ಸಿಗುತ್ತದೆ. ಕಿಟಕಿಯ ಗಾಜಿನ ಹಿಂದೆ ಕೂತರೂ ಅದೇ ಕತೆ, ಗಾಜು ಯುವಿ-ಬಿಯನ್ನು ಒಳಗೆ ಬಿಡುವುದಿಲ್ಲ.

ಅಳತೆಗೆ ನೆರಳು ಸಾಕು. ಅಂಗಳದಲ್ಲಿ ನಿಂತಾಗ ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆ, ಡಿ ತಯಾರಾಗುವ ಹೊತ್ತು ಅದು. ಶಿವಮೊಗ್ಗ ಇರುವುದು ಸುಮಾರು 13.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ನಿಜವಾದ ನಡುಹಗಲು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಆಸುಪಾಸು. ಏಪ್ರಿಲ್ ಕೊನೆಯಲ್ಲಿ ಬೆಳಿಗ್ಗೆ ಸುಮಾರು 9.20ರಿಂದ ಮಧ್ಯಾಹ್ನ 3.30ರವರೆಗೂ ನೆರಳು ಗಿಡ್ಡವಿರುತ್ತದೆ. ಡಿಸೆಂಬರ್ ಕೊನೆಯಲ್ಲಿ ಅದೇ ಹೊತ್ತು ಸುಮಾರು 10.45ರಿಂದ 2.10ರವರೆಗೆ ಮಾತ್ರ. ಅಂದರೆ ಶುದ್ಧ ಆಕಾಶವಿದ್ದರೆ ನಮಗೆ ವರ್ಷದ ಯಾವ ತಿಂಗಳೂ ಖಾಲಿ ಹೋಗಬೇಕಿಲ್ಲ.

ಕೊರತೆ ಬರುವುದು ಆಕಾಶದಿಂದ. ಸೂರ್ಯ ವರ್ಷಕ್ಕೆ ಎರಡು ಸಲ ಶಿವಮೊಗ್ಗದ ನೆತ್ತಿಯ ಮೇಲೇ ಬರುತ್ತಾನೆ, ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯ. ಆ ಎರಡನೆಯ ಸಲ ಘಟ್ಟದ ಜನರಿಗೆ ಅವನ ಮುಖವೇ ಕಾಣುವುದಿಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂಥ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಟ್ಟ ಮೋಡ ಯುವಿ-ಬಿಯ ದೊಡ್ಡ ಪಾಲನ್ನು ತಡೆಯುತ್ತದೆ. ಉಳಿದ ದಿನಗಳಲ್ಲೂ ಅಡಿಕೆ ತೋಟದ ಕೆಲಸ ನೆರಳಿನ ಕೆಲಸ. ನಮ್ಮ ಮೈಬಣ್ಣದ ಮೆಲನಿನ್ ಕೂಡ ಕಿರಣ ಹೀರುವುದರಿಂದ, ಬಿಳಿಯರಿಗೆ ಹೇಳುವ ಹತ್ತು ನಿಮಿಷ ನಮಗೆ ಸಾಲದು. ಮುಖ, ತೋಳು, ಮೊಣಕಾಲ ಕೆಳಭಾಗಕ್ಕೆ ಗಿಡ್ಡ ನೆರಳಿನ ಹೊತ್ತಿನಲ್ಲಿ ಅರ್ಧ ಗಂಟೆಯಾದರೂ ಬಿಸಿಲು ಬೀಳಬೇಕು. ರಕ್ತದಲ್ಲಿರುವ ದಾಸ್ತಾನಿನ ಅರ್ಧಾಯುಷ್ಯ ಎರಡು ಮೂರು ವಾರ. ಕೊಬ್ಬಿನಲ್ಲಿ ಒಂದಿಷ್ಟು ಉಳಿದಿರುತ್ತದೆ ನಿಜ, ಆದರೂ ಮೇ ತಿಂಗಳ ಗಳಿಕೆಯಲ್ಲಿ ಸೆಪ್ಟೆಂಬರ್‌ವರೆಗೆ ನಿಶ್ಚಿಂತೆಯಿಂದ ಕೂರುವಂತಿಲ್ಲ.

ಊಟದಿಂದ ಸಿಗುವುದು ಅಲ್ಪ. ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 40 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ). ಕರಾವಳಿಯಿಂದ ಘಟ್ಟ ಹತ್ತಿ ಬರುವ ಬೂತಾಯಿ, ಬಂಗುಡೆಯಂಥ ಎಣ್ಣೆ ಮೀನು ತಿನ್ನುವವರಿಗೆ ಸ್ವಲ್ಪ ಮೇಲು. ಮನೆಯ ಹಸುವಿನ ಹಾಲಿನಲ್ಲಿ ಡಿ ಇಲ್ಲವೆನ್ನುವಷ್ಟು ಕಡಿಮೆ. ‘+ಎಫ್’ ಗುರುತಿನ ಪ್ಯಾಕೆಟ್ ಹಾಲಿಗೆ ಲೀಟರಿಗೆ 200ರಿಂದ 300 ಐಯು ಬೆರೆಸಿರುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಅಗತ್ಯ ದೊಡ್ಡವರಿಗೆ ದಿನಕ್ಕೆ 600 ಐಯು.

ಒಂದೇ ಬಿಸಿಲು, ಬೇರೆ ಬೇರೆ ಅಂಕಿ

ಒಂದೇ ಮನೆಯ ಅಣ್ಣತಮ್ಮಂದಿರು, ಒಂದೇ ಊಟ, ಒಂದೇ ತೋಟದ ಕೆಲಸ. ಒಬ್ಬನ ವರದಿಯಲ್ಲಿ ಡಿ ಮಿಲಿಲೀಟರಿಗೆ 28 ನ್ಯಾನೊಗ್ರಾಂ, ಇನ್ನೊಬ್ಬನದು 15. ಇದು ಲ್ಯಾಬಿನ ತಪ್ಪೇ ಆಗಿರಬೇಕಿಲ್ಲ. ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದ ಮೇಲಷ್ಟೇ ಮಂಡಿಗೆ ಹೋಗುವಂತೆ, ಚರ್ಮದಲ್ಲಿ ಹುಟ್ಟಿದ ಡಿ ಕೂಡ ಹಂತ ಹಂತವಾಗಿ ಹದಕ್ಕೆ ಬರಬೇಕು. ಪ್ರತಿ ಹಂತಕ್ಕೂ ಒಂದು ಜೀನು ಇದೆ, ಪ್ರತಿ ಜೀನಿನಲ್ಲೂ ಜನರಿಂದ ಜನರಿಗೆ ಡಿಎನ್ಎಯ ಒಂದೆರಡು ಅಕ್ಷರದ ವ್ಯತ್ಯಾಸ ಇರುತ್ತದೆ.

ಮೊದಲನೆಯದು ಡಿಎಚ್‌ಸಿಆರ್7. ಚರ್ಮದ ಕಚ್ಚಾವಸ್ತುವನ್ನು ಕೊಲೆಸ್ಟ್ರಾಲ್ ಆಗಿ ಬದಲಿಸುವ ಕಿಣ್ವದ ಜೀನು ಇದು. ಇದರ ಕೆಲಸ ಜೋರಾಗಿದ್ದರೆ ಬಿಸಿಲಿಗೆ ಸಿಗುವ ಸಾಮಗ್ರಿಯೇ ಕಡಿಮೆ. ಮುಂದೆ ಪಿತ್ತಜನಕಾಂಗದಲ್ಲಿ ಸಿವೈಪಿ2ಆರ್1 ಎಂಬ ಕಿಣ್ವ ಡಿ3ಯನ್ನು 25-ಹೈಡ್ರಾಕ್ಸಿ ಡಿ ಮಾಡುತ್ತದೆ. ಲ್ಯಾಬಿನವರು ಅಳೆಯುವುದು ಇದನ್ನೇ. ರಕ್ತದಲ್ಲಿ ಇದನ್ನು ಹೊತ್ತು ತಿರುಗುವ ಪ್ರೋಟೀನಿನ ಜೀನು ಜಿಸಿ, 4ನೇ ಕ್ರೋಮೋಸೋಮಿನ ಮೇಲಿದೆ. ಕೊನೆಗೆ ಮೂತ್ರಪಿಂಡದಲ್ಲಿ ಸಿವೈಪಿ27ಬಿ1 ಇದನ್ನು ಕೆಲಸಕ್ಕೆ ಬರುವ 1,25-ಡೈಹೈಡ್ರಾಕ್ಸಿ ರೂಪಕ್ಕೆ ತರುತ್ತದೆ. ಸಿವೈಪಿ24ಎ1 ಹೆಚ್ಚಾದದ್ದನ್ನು ಒಡೆದು ಹೊರಹಾಕುತ್ತದೆ.

ಜಿಸಿ ಜೀನಿನ ವಿಷಯ ಸ್ವಲ್ಪ ನಿಂತು ನೋಡುವಂಥದ್ದು. ರಕ್ತದ 25-ಹೈಡ್ರಾಕ್ಸಿ ಡಿಯಲ್ಲಿ ಸುಮಾರು ಶೇ. 85 ಈ ವಾಹಕ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಉಳಿದದ್ದು ಬಹುತೇಕ ಆಲ್ಬುಮಿನ್ ಎಂಬ ಇನ್ನೊಂದು ಪ್ರೋಟೀನಿಗೆ. ಬಿಡಿಯಾಗಿ ಓಡಾಡುವುದು ಶೇ. 1ಕ್ಕಿಂತಲೂ ಕಡಿಮೆ. ಪರೀಕ್ಷೆ ಕೊಡುವುದು ಈ ಮೂರರ ಒಟ್ಟು ಮೊತ್ತ. ಹುಟ್ಟಿನಿಂದಲೇ ವಾಹಕ ಕಡಿಮೆಯಿರುವವರಿಗೆ ಒಟ್ಟು ಅಂಕಿ ಕಡಿಮೆ ತೋರಿಸುತ್ತದೆ, ಬಿಡಿ ಡಿ ಸಾಕಷ್ಟಿದ್ದರೂ ಇರಬಹುದು. ವರದಿಯ ಒಂದು ಅಂಕಿ ನೋಡಿ ಗಾಬರಿಯಾಗುವವರು ಇದನ್ನು ನೆನಪಿಡಬೇಕು.

2010ರಲ್ಲಿ ಯುರೋಪಿಯನ್ ಮೂಲದ ಸುಮಾರು 30,000 ಜನರ ಜೀನು ಜಾಲಾಡಿದ ಅಧ್ಯಯನ ಜಿಸಿ, ಸಿವೈಪಿ2ಆರ್1, ಡಿಎಚ್‌ಸಿಆರ್7 ಮೂರರ ಪಾತ್ರವನ್ನೂ ಗಟ್ಟಿ ಮಾಡಿತು. ‘ಕಡಿಮೆ’ ಕಡೆಗೆ ಎಳೆಯುವ ಅಕ್ಷರಗಳು ಹೆಚ್ಚು ಕೂಡಿಬಂದವರಲ್ಲಿ ಕೊರತೆಯ ಸಾಧ್ಯತೆ ಉಳಿದವರ ಸುಮಾರು ಎರಡು ಪಟ್ಟು ಇತ್ತು. ಹಾಗಂತ ಎಲ್ಲವೂ ಹಣೆಬರಹ ಅಲ್ಲ. ಜನರ ನಡುವಿನ ಒಟ್ಟು ವ್ಯತ್ಯಾಸದಲ್ಲಿ ಈ ಮೂರು ಜೀನುಗಳು ವಿವರಿಸುವುದು ಕೆಲವೇ ಶೇಕಡಾ. ಬಿಸಿಲು, ಮೈತೂಕ, ಮೈಬಣ್ಣದ್ದೇ ದೊಡ್ಡ ಪಾಲು.

ಜೀನು ನಿಜಕ್ಕೂ ಜೀವಕ್ಕೆ ಕುತ್ತು ತರುವ ಉದಾಹರಣೆಯೂ ಇದೆ. 1950ರ ದಶಕದಲ್ಲಿ ಬ್ರಿಟನ್ನಿನಲ್ಲಿ ಹಾಲಿನ ಪುಡಿಗೆ, ಮಕ್ಕಳ ಆಹಾರಕ್ಕೆ ಡಿ ಧಾರಾಳವಾಗಿ ಬೆರೆಸುತ್ತಿದ್ದಾಗ ಕೆಲವು ಕೂಸುಗಳಿಗೆ ಮಾತ್ರ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ನಿತ್ರಾಣ ಶುರುವಾಯಿತು. ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಇದ್ದರು. ಇಂಥ ಮಕ್ಕಳಲ್ಲಿ ಕೆಲವರಿಗೆ ಸಿವೈಪಿ24ಎ1 ಕೆಟ್ಟಿರುತ್ತದೆ, ಅಂದರೆ ಒಡೆದು ಹಾಕುವ ಯಂತ್ರವೇ ಇರುವುದಿಲ್ಲ ಎಂದು ಗೊತ್ತಾದದ್ದು 2011ರಲ್ಲಿ.

ಅಲರ್ಜಿಯ ಗುಮಾನಿ ಬಂದದ್ದೆಲ್ಲಿಂದ

ಡಿ ಮೂಳೆಗೆ ಮಾತ್ರ ಸೇರಿದ್ದಲ್ಲ. 12ನೇ ಕ್ರೋಮೋಸೋಮಿನ ವಿಡಿಆರ್ ಜೀನು ತಯಾರಿಸುವ ಗ್ರಾಹಿ, ಅಂದರೆ ರಿಸೆಪ್ಟರ್, ರೋಗನಿರೋಧಕ ಕೋಶಗಳಲ್ಲೂ ಇದೆ. ಅಲರ್ಜಿಯಲ್ಲಿ ಆಗುವುದಿಷ್ಟು: ಧೂಳುಹುಳದ ಹಿಕ್ಕೆಯಂಥ ನಿರಪಾಯ ವಸ್ತುವನ್ನು ದೇಹ ಶತ್ರುವೆಂದು ಬಗೆಯುತ್ತದೆ. ಟಿ ಕೋಶಗಳ ಒಂದು ಗುಂಪು ಐಎಲ್-4, ಐಎಲ್-5, ಐಎಲ್-13 ಎಂಬ ಸಂದೇಶಗಳನ್ನು ಹೊರಡಿಸುತ್ತದೆ. ಬಿ ಕೋಶಗಳು ಐಜಿಇ ತಯಾರಿಸುತ್ತವೆ. ಐಜಿಇ ಹೊದ್ದ ಮಾಸ್ಟ್ ಕೋಶಗಳು ಮುಂದಿನ ಸಲ ಅದೇ ಧೂಳು ತಾಗಿದ ಕೂಡಲೇ ಹಿಸ್ಟಮಿನ್ ಸುರಿಯುತ್ತವೆ. ಮೂಗಿನಲ್ಲಾದರೆ ಸೀನು, ಶ್ವಾಸನಾಳದಲ್ಲಾದರೆ ಉಬ್ಬಸ, ಚರ್ಮದಲ್ಲಾದರೆ ಪಿತ್ತಗಂಧೆ. ಪ್ರಯೋಗಶಾಲೆಯಲ್ಲಿ ಡಿ ಈ ಸರಪಳಿಯನ್ನು ಹಲವು ಕಡೆ ತಣ್ಣಗೆ ಮಾಡುತ್ತದೆ, ಸಮಾಧಾನದ ಸಂಕೇತವಾದ ಐಎಲ್-10 ಹೆಚ್ಚಿಸುತ್ತದೆ, ಸೋಂಕಿನ ವಿರುದ್ಧ ಕ್ಯಾಥೆಲಿಸಿಡಿನ್ ಎಂಬ ಪ್ರೋಟೀನನ್ನು ಹೊರಡಿಸುತ್ತದೆ. ಇಷ್ಟು ಕಂಡ ಮೇಲೆ ‘ವಿಡಿಆರ್ ಜೀನು ಬೇರೆಯಿದ್ದವರಿಗೆ ಅಸ್ತಮಾ ಜಾಸ್ತಿಯೇ?’ ಎಂದು ಕೇಳದಿರುವುದು ಯಾರಿಗೂ ಸಾಧ್ಯವಿರಲಿಲ್ಲ.

2004ರಲ್ಲಿ ಕೆನಡಾದ ಕ್ವಿಬೆಕ್ ಮತ್ತು ಅಮೆರಿಕದ ಕುಟುಂಬಗಳಲ್ಲಿ ಹೌದೆಂಬ ಉತ್ತರ ಬಂತು. ಮರುವರ್ಷ ಜರ್ಮನಿಯ ಕುಟುಂಬಗಳಲ್ಲಿ ನೋಡಿದರೆ ಅದು ಗಟ್ಟಿಯಾಗಲಿಲ್ಲ. ಆಮೇಲೆ ಬಂದ ಅಧ್ಯಯನಗಳೂ ಹೀಗೇ ಹೌದು-ಅಲ್ಲಗಳ ನಡುವೆ ತೂಗಾಡಿದವು. ಕಾರಣ ಹುಡುಕಿದರೆ ಸಿಗುತ್ತದೆ. ವಿಡಿಆರ್‌ನಲ್ಲಿ ಹೆಚ್ಚಾಗಿ ನೋಡುವ ನಾಲ್ಕು ವ್ಯತ್ಯಾಸಗಳ ಹೆಸರು ಫೋಕ್, ಬಿಎಸ್‌ಎಂ, ಅಪಾ, ಟ್ಯಾಕ್. ಇವುಗಳಲ್ಲಿ ಫೋಕ್ ಒಂದೇ ಪ್ರೋಟೀನಿನ ಆಕಾರ ಬದಲಿಸುವುದು. ಒಂದು ಅಕ್ಷರವಿದ್ದರೆ 427 ಅಮೈನೊ ಆಮ್ಲಗಳ ಗ್ರಾಹಿ, ಇನ್ನೊಂದಿದ್ದರೆ 424ರದ್ದು. ಗಿಡ್ಡದ್ದು ಕೆಲಸದಲ್ಲಿ ಚುರುಕು. ಉಳಿದ ಮೂರು ಪ್ರೋಟೀನನ್ನು ಮುಟ್ಟುವುದೇ ಇಲ್ಲ, ಅಕ್ಕಪಕ್ಕದ ಇನ್ಯಾವುದೋ ವ್ಯತ್ಯಾಸದ ಗುರುತು ಕಲ್ಲುಗಳಷ್ಟೇ. ಯಾವ ಗುರುತು ಕಲ್ಲಿನ ಜೊತೆ ಯಾವ ವ್ಯತ್ಯಾಸ ಬರುತ್ತದೆ ಎಂಬುದು ಜನಾಂಗದಿಂದ ಜನಾಂಗಕ್ಕೆ ಬೇರೆ. ಕೆಲವು ನೂರು ಜನರ ಅಧ್ಯಯನದಲ್ಲಿ ಕಂಡದ್ದನ್ನು ಇಡೀ ಲೋಕಕ್ಕೆ ಅನ್ವಯಿಸಹೊರಟದ್ದೇ ತಪ್ಪು. ಮುಂದೆ ಲಕ್ಷಗಟ್ಟಲೆ ಜನರ ಜೀನು ನೋಡಿದಾಗ ಅಸ್ತಮಾಕ್ಕೆ ಎದ್ದು ಕಂಡ ಜಾಗಗಳು ಬೇರೆಯೇ: 17ನೇ ಕ್ರೋಮೋಸೋಮಿನ ಓಆರ್‌ಎಂಡಿಎಲ್3 ಪ್ರದೇಶ, ಐಎಲ್33, ಟಿಎಸ್‌ಎಲ್‌ಪಿ. ಇಸಬಿಗೆ ಚರ್ಮದ ತಡೆಗೋಡೆ ಕಟ್ಟುವ ಫಿಲಾಗ್ರಿನ್.

ಹುಟ್ಟುವಾಗಲೇ ಎತ್ತಿದ ಚೀಟಿ

ಹಾಗಾದರೆ ಅಲರ್ಜಿ ಇರುವವರಲ್ಲಿ ಡಿ ಕಡಿಮೆ ಕಾಣುವುದೇಕೆ? ತೋಟದ ಲೆಕ್ಕದಲ್ಲಿ ನೋಡಿ. ದುಬಾರಿ ಪೋಷಕಾಂಶದ ಪುಡಿ ಹಾಕಿದ ತೋಟಗಳಲ್ಲಿ ಅಡಿಕೆ ಕೊನೆ ಚೆನ್ನಾಗಿ ಬಿಟ್ಟಿದೆ ಎಂದಿಟ್ಟುಕೊಳ್ಳಿ. ಪುಡಿಯಿಂದಲೇ ಬಂತೇ? ಪುಡಿ ಕೊಳ್ಳುವಷ್ಟು ಕಾಳಜಿಯಿದ್ದವರು ಬಸಿಗಾಲುವೆ ತೆಗೆಸಿರುತ್ತಾರೆ, ಸೊಪ್ಪು-ಗೊಬ್ಬರ ಕೊಟ್ಟಿರುತ್ತಾರೆ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊತ್ತಿಗೆ ಸರಿಯಾಗಿ ಹೊಡೆಸಿರುತ್ತಾರೆ. ಪುಡಿಯೊಂದರ ಗುಣ ತಿಳಿಯಬೇಕಾದರೆ ಚೀಟಿ ಎತ್ತಿ, ಬಂದ ಮರಕ್ಕೆ ಹಾಕಿ, ಬಾರದ ಮರಕ್ಕೆ ಬಿಟ್ಟು ನೋಡಬೇಕು. ಡಿ ವಿಷಯದಲ್ಲೂ ಹಾಗೇ. ಉಬ್ಬಸದ ಮಗುವನ್ನು ಮನೆಯವರು ಹೊರಗೆ ಆಡಲು ಬಿಡುವುದಿಲ್ಲ, ಬಿಸಿಲು ತಪ್ಪುತ್ತದೆ, ಡಿ ಇಳಿಯುತ್ತದೆ. ದಪ್ಪಗಿರುವವರಲ್ಲಿ ಡಿ ಕೊಬ್ಬಿನಲ್ಲಿ ಅಡಗುತ್ತದೆ, ದಪ್ಪಗಿರುವವರಿಗೆ ಅಸ್ತಮಾವೂ ಹೆಚ್ಚು. ರೋಗವೇ ಕೊರತೆ ತಂದಿರಬಹುದು, ಮೂರನೆಯದೊಂದು ಎರಡನ್ನೂ ತಂದಿರಬಹುದು.

ಜೀನು ಇಲ್ಲಿ ನೆರವಿಗೆ ಬರುತ್ತದೆ. ಅಪ್ಪ-ಅಮ್ಮನಿಂದ ಯಾವ ಅಕ್ಷರ ಬರಬೇಕೆಂಬುದು ಚೀಟಿ ಎತ್ತಿದ ಹಾಗೆ, ಬಿಸಿಲಿಗೆ ಹೋದರೂ ಬಿಟ್ಟರೂ ಅದು ಬದಲಾಗದು. ಜಿಸಿ, ಸಿವೈಪಿ2ಆರ್1, ಡಿಎಚ್‌ಸಿಆರ್7, ಸಿವೈಪಿ24ಎ1 ಅಕ್ಷರಗಳಿಂದ ಹುಟ್ಟಿನಿಂದಲೇ ಡಿ ತುಸು ಕಡಿಮೆಯಿರುವವರಿಗೆ ಅಲರ್ಜಿ ಹೆಚ್ಚಿದ್ದರೆ ಡಿ ಕಾರಣ ಎನ್ನಬಹುದು. ಈ ವಿಧಾನಕ್ಕೆ ಮೆಂಡೆಲಿಯನ್ ರ‍್ಯಾಂಡಮೈಸೇಶನ್ ಎನ್ನುತ್ತಾರೆ. 2017ರಲ್ಲಿ ಈ ನಾಲ್ಕು ಜೀನುಗಳನ್ನೇ ಹಿಡಿದು ಮಾಡಿದ ದೊಡ್ಡ ವಿಶ್ಲೇಷಣೆಯಲ್ಲಿ ಅಸ್ತಮಾ, ಇಸಬು, ಐಜಿಇ ಮೂರಕ್ಕೂ ಅಂಥ ಸಂಬಂಧ ಕಾಣಲಿಲ್ಲ. ಅದರ ಮಿತಿಯೂ ಹೇಳಬೇಕು. ಮಾಹಿತಿ ಬಹುತೇಕ ಯುರೋಪಿಯನ್ ಮೂಲದವರದ್ದು, ಜೀನು ತರುವ ಇಳಿತವೂ ಸಣ್ಣದು. 8 ಅಥವಾ 10ಕ್ಕೆ ಇಳಿದವರ ಬಗ್ಗೆ ಅದು ಹೆಚ್ಚೇನೂ ಹೇಳಲಾರದು.

ಮಾತ್ರೆ ಕೊಟ್ಟು ನೋಡಿದ ಪ್ರಯೋಗಗಳೂ ಇದೇ ದಿಕ್ಕಿಗೆ ಬೆರಳು ಮಾಡಿದವು. ಅಮೆರಿಕದಲ್ಲಿ ಡಿ ಕಡಿಮೆಯಿದ್ದ ಅಸ್ತಮಾ ಮಕ್ಕಳಿಗೆ ದಿನಕ್ಕೆ 4,000 ಐಯು ಕೊಟ್ಟ ಪ್ರಯೋಗವನ್ನು ಪ್ರಯೋಜನವಿಲ್ಲವೆಂದು ನಡುವೆಯೇ ನಿಲ್ಲಿಸಿದರು, ಫಲಿತಾಂಶ ಹೊರಬಂದದ್ದು 2020ರಲ್ಲಿ. ಎಲ್ಲ ಪ್ರಯೋಗಗಳನ್ನೂ ಕೂಡಿಸಿ ನೋಡುವ ಕಾಕ್ರೇನ್ ವಿಮರ್ಶೆ 2016ರಲ್ಲಿ ‘ತೀವ್ರ ಉಲ್ಬಣ ಕಡಿಮೆಯಾಗಬಹುದು’ ಎಂದಿತ್ತು. ಹೆಚ್ಚು ಪ್ರಯೋಗ ಸೇರಿಸಿ 2023ರಲ್ಲಿ ಮತ್ತೆ ನೋಡಿದಾಗ ಆ ಲಾಭ ಉಳಿಯಲಿಲ್ಲ.

ಬಾಗಿಲು ಒಂದಿಷ್ಟು ತೆರೆದಿರುವುದು ಬಸುರಿನ ಹಂತದಲ್ಲಿ ಮಾತ್ರ. ಅಮೆರಿಕದಲ್ಲಿ 876 ಬಸುರಿಯರಿಗೆ ದಿನಕ್ಕೆ 4,400 ಇಲ್ಲವೇ 400 ಐಯು ಕೊಟ್ಟ ಪ್ರಯೋಗದಲ್ಲಿ ಮೂರು ವರ್ಷದೊಳಗೆ ಅಸ್ತಮಾ ಅಥವಾ ಮರುಕಳಿಸುವ ಸುಯ್‌ಸದ್ದು ಬಂದ ಮಕ್ಕಳು ಕ್ರಮವಾಗಿ ಶೇ. 24.3 ಮತ್ತು ಶೇ. 30.4. ಇದು ಆಕಸ್ಮಿಕವಲ್ಲ ಎನ್ನಲು ಸಂಖ್ಯಾಶಾಸ್ತ್ರ ಹಾಕುವ ಗೆರೆಯನ್ನು ಕೂದಲೆಳೆಯಲ್ಲಿ ಮುಟ್ಟದ ಅಂತರ ಅದು. ಮಕ್ಕಳಿಗೆ ಆರು ವರ್ಷ ತುಂಬುವಾಗ ಅಂತರವೇ ಉಳಿದಿರಲಿಲ್ಲ. ಅದೇ ಮಕ್ಕಳನ್ನು ಓಆರ್‌ಎಂಡಿಎಲ್3 ಪ್ರದೇಶದ ಜೀನಿನ ಪ್ರಕಾರ ಬಿಡಿಸಿ ನೋಡಿದಾಗ, ಒಂದು ಬಗೆಯ ಅಕ್ಷರವಿದ್ದವರಲ್ಲಿ ಲಾಭ ಎದ್ದು ಕಂಡಿತು, ಉಳಿದವರಲ್ಲಿ ಅಷ್ಟಾಗಿ ಇಲ್ಲ. ಡಿ ಕೆಲವರಿಗೆ ಮಾತ್ರ, ಒಂದು ಹೊತ್ತಿನಲ್ಲಿ ಮಾತ್ರ ಉಪಕಾರ ಮಾಡುತ್ತದೋ ಎಂಬ ಪ್ರಶ್ನೆ ಹುಟ್ಟಿರುವುದು ಇಲ್ಲಿಂದ. ಸಂಶೋಧನೆಗೆ ಇದು ಒಳ್ಳೆಯ ಸುಳಿವು, ಬಸುರಿಯರಿಗೆ ಸಲಹೆ ಕೊಡುವಷ್ಟು ಗಟ್ಟಿ ಅಲ್ಲ. ಆನ್‌ಲೈನಿನಲ್ಲಿ ಮಾರುವ ‘ವಿಟಮಿನ್ ಡಿ ಜೀನ್ ಪರೀಕ್ಷೆ’ಯ ಕಿಟ್ಟಿಗೆ ಸಾವಿರಾರು ರೂಪಾಯಿ ಕೊಡುವುದಂತೂ ವ್ಯರ್ಥ. ಅದರ ಉತ್ತರದಿಂದ ನಿಮ್ಮ ಚಿಕಿತ್ಸೆಯಲ್ಲಿ ಏನೂ ಬದಲಾಗುವುದಿಲ್ಲ.

60,000ದ ಪೊಟ್ಟಣ

ಡಿ ಬೇಕಿರುವುದು ಮೂಳೆಗೆ, ಸ್ನಾಯುವಿಗೆ. ಅಲ್ಲಿ ಅದರ ಮಹತ್ವ ಚೂರೂ ಕಡಿಮೆಯಾಗಿಲ್ಲ. ಮಿಲಿಲೀಟರಿಗೆ 12 ನ್ಯಾನೊಗ್ರಾಂಗಿಂತ ಕೆಳಗಿದ್ದರೆ ಕೊರತೆ ಎನ್ನುವುದರಲ್ಲಿ ತಕರಾರಿಲ್ಲ. 20 ದಾಟಿದರೆ ಹೆಚ್ಚಿನವರಿಗೆ ಸಾಕು. ವರದಿ ‘ನ್ಯಾನೊಮೋಲ್’ನಲ್ಲಿದ್ದರೆ 2.5ರಿಂದ ಭಾಗಿಸಿ ಓದಿ, 50 ಎಂದಿರುವುದು ನಮ್ಮ ಲೆಕ್ಕದ 20. ಇದನ್ನು ನೋಡದೆ ಗಾಬರಿಯಾದವರೂ ಇದ್ದಾರೆ, ನೆಮ್ಮದಿಯಾದವರೂ ಇದ್ದಾರೆ.

ದೊಡ್ಡವರಲ್ಲಿ ಕೊರತೆಗೆ ರೂಢಿಯಲ್ಲಿರುವ ಕ್ರಮ 60,000 ಐಯು ಪುಡಿಯ ಪೊಟ್ಟಣ, ವಾರಕ್ಕೆ ಒಂದರಂತೆ 8 ವಾರ, ಆಮೇಲೆ ಡಾಕ್ಟರು ಹೇಳಿದ ಕಡಿಮೆ ಪ್ರಮಾಣ. ಜಿಡ್ಡಿರುವ ಊಟದ ಮೇಲೆ ಹಾಲಿನಲ್ಲಿ ಕದಡಿ ಕುಡಿದರೆ ಚೆನ್ನಾಗಿ ಹೀರುತ್ತದೆ, ಖಾಲಿ ಹೊಟ್ಟೆಗೆ ನೀರಿನಲ್ಲಿ ಬೇಡ. ಮರುಪರೀಕ್ಷೆ ಮೂರು ತಿಂಗಳ ನಂತರ. ಎಡವಟ್ಟಾಗುವುದು ‘ವಾರಕ್ಕೊಂದು’ ಎಂದದ್ದನ್ನು ‘ದಿನಕ್ಕೊಂದು’ ಎಂದು ಕೇಳಿಸಿಕೊಂಡಾಗ, ಇಲ್ಲವೇ ಎಂಟು ವಾರ ಮುಗಿದ ಮೇಲೂ ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ಮುಂದುವರಿಸಿದಾಗ, ನಡುವೆ ಆರು ಲಕ್ಷ ಐಯುವಿನ ಚುಚ್ಚುಮದ್ದೂ ಸೇರಿಕೊಂಡಾಗ. ಡಿ ನೀರಿನಲ್ಲಿ ಕರಗಿ ಹೋಗುವ ವಿಟಮಿನ್ ಅಲ್ಲ, ಕೊಬ್ಬಿನಲ್ಲಿ ಕೂಡಿಡುತ್ತದೆ. ಅಂಕಿ 150 ದಾಟಿ ಕ್ಯಾಲ್ಸಿಯಂ ಏರಿದರೆ ವಾಂತಿ, ಮಲಬದ್ಧತೆ, ತಣಿಯದ ಬಾಯಾರಿಕೆ, ಪದೇಪದೇ ಮೂತ್ರ, ಮಂಕು. ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಪೊಟ್ಟಣ ತರುವ ದಿನವೇ ಕ್ಯಾಲೆಂಡರಿನಲ್ಲಿ ಎಂಟು ಭಾನುವಾರಗಳಿಗೆ ಗುರುತು ಹಾಕಿಡಿ.

ಕೂಸಿಗೆ ಹುಟ್ಟಿದ ಮೊದಲ ದಿನಗಳಿಂದ ಒಂದು ವರ್ಷದವರೆಗೆ ದಿನಕ್ಕೆ 400 ಐಯು ಹನಿ. ಎದೆಹಾಲಿನಲ್ಲಿ ಡಿ ತೀರಾ ಕಡಿಮೆ. ಬಾಣಂತಿ ಕೋಣೆಯಲ್ಲೇ ತಿಂಗಳುಗಟ್ಟಲೆ ಕೂರುವ ತಾಯಿಗಂತೂ ಅವಳಿಗೇ ಸಾಲದು. ಬಾಟಲಿಯ ಮೇಲಿನ ಬರಹ ನೋಡಲೇಬೇಕು. ಒಂದು ಮಿಲಿಲೀಟರಿಗೆ 400 ಇರುವುದೂ ಇದೆ, 800 ಇರುವುದೂ ಇದೆ. ಆ ಕೋಣೆಗೆ ಸಾಂಬ್ರಾಣಿ, ಲೋಬಾನದ ಹೊಗೆ ಹಾಕುವುದನ್ನು ದಯವಿಟ್ಟು ಬಿಡಿ. ಎಳೆಯ ಶ್ವಾಸನಾಳಕ್ಕೆ ಅದು ಬಹಳ ಕೆಟ್ಟದ್ದು.

ಅಲರ್ಜಿಯವರಲ್ಲಿ ಒಂದು ಗುಂಪಿಗೆ ಡಿ ನಿಜಕ್ಕೂ ಮುಖ್ಯ. ಉಬ್ಬಸಕ್ಕೆ ಪದೇಪದೇ ಪ್ರೆಡ್ನಿಸೋಲೋನ್‌ನಂಥ ಸ್ಟಿರಾಯ್ಡ್ ಮಾತ್ರೆ ನುಂಗಿದವರ ಮೂಳೆ ಟೊಳ್ಳಾಗುತ್ತದೆ. ಅವರು ಡಿ, ಕ್ಯಾಲ್ಸಿಯಂ ಎರಡನ್ನೂ ಡಾಕ್ಟರ ಹತ್ತಿರ ಕೇಳಿಯೇ ಕೇಳಬೇಕು. ಇನ್ಹೇಲರ್‌ನಲ್ಲಿರುವ ಸ್ಟಿರಾಯ್ಡ್ ಪ್ರಮಾಣ ಅದಕ್ಕೆ ಹೋಲಿಸಿದರೆ ತೀರಾ ಸಣ್ಣದು. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿದರೆ ಸಾಕು. ಆರಾಮ ಅನ್ನಿಸಿತೆಂದು ಮಳೆಗಾಲದ ನಡುವೆ ನಿಲ್ಲಿಸಬಾರದು.

ಇನ್ನು ಅಲರ್ಜಿ ಹುಟ್ಟಿಸುವ ವಸ್ತು ಇರುವುದು ಹಾಸಿಗೆಯಲ್ಲಿ. ಧೂಳುಹುಳ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿ ಬದುಕುತ್ತದೆ. ತೇವಾಂಶ ಶೇ. 50ಕ್ಕಿಂತ ಇಳಿದರೆ ಒಣಗಿ ಸಾಯುತ್ತದೆ. ಜುಲೈನ ಮಲೆನಾಡಿನಲ್ಲಿ ಅದಕ್ಕೆ ಸುಗ್ಗಿ. ಬಚ್ಚಲ ಹಂಡೆಯ ಕುದಿನೀರು ಇಲ್ಲಿ ದೊಡ್ಡ ಆಸ್ತಿ: ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿಯ, ಕೈ ಅದ್ದಲಾಗದ ನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಹುಳ ಸಾಯುತ್ತದೆ, ಆಮೇಲೆ ಒಗೆದರೆ ಹಿಕ್ಕೆಯೂ ಹೋಗುತ್ತದೆ. ಉಣ್ಣೆಯ ಕಂಬಳಿಗೆ ಈ ಉಪಾಯ ನಡೆಯದು, ಅದು ಕುಗ್ಗುತ್ತದೆ. ಉಬ್ಬಸದವರ ಹಾಸಿಗೆಯಿಂದ ಕಂಬಳಿಯನ್ನು ದೂರವೇ ಇಡಿ. ಅವರು ಮಲಗುವ ಕೋಣೆಯ ಮೇಲಿನ ಅಟ್ಟದಲ್ಲಿ ಅಡಿಕೆ ಮೂಟೆ ಬೇಡ, ಸುಲಿದ ಸಿಪ್ಪೆಯ ರಾಶಿ ಕಿಟಕಿಯ ಕೆಳಗೆ ಬೇಡ, ಎರಡೂ ಬೂಷ್ಟಿನ ಗೂಡು. ಮಳೆ ಬಿಟ್ಟು ಬಿಸಿಲು ಬಂದ ದಿನ ಹಾಸಿಗೆಯನ್ನು ಅಂಗಳಕ್ಕೆ ತಂದು ಎರಡೂ ಮಗ್ಗುಲು ಒಣಗಿಸಿ. ಬಿಸಿಲು ಹುಳವನ್ನು ಕೊಂದರೂ ಹಿಕ್ಕೆ ಅಲ್ಲೇ ಉಳಿಯುವುದರಿಂದ ಕೋಲಿನಿಂದ ಬಡಿದು ಕೊಡವಲೇಬೇಕು. ಆ ಕೆಲಸವನ್ನು ಉಬ್ಬಸವಿಲ್ಲದವರು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ನೆರಳು ಗಿಡ್ಡವಿರುವ ಹೊತ್ತಿನಲ್ಲಿ ಮಾಡಿದರೆ ಅವರ ಪಾಲಿನ ವಿಟಮಿನ್ ಡಿಯೂ ಸಿಕ್ಕಂತಾಯಿತು.